ಹಲ್‌ನಲ್ಲಿ ಹಲ್ಲುನೋವು

ಊರ ಹೆಸರು ಹಲ್. ನಗಬೇಡಿ,
ಮೂವತ್ತನೇ ವಾರದ ಬಸುರಿಗೆ
ಇಲ್ಲೇ ಬರಬೇಕೇ ಹಲ್ಲುನೋವು?
ಎಡದವಡೆ, ರಾತ್ರಿ ಹನ್ನೆರಡೂಕಾಲು.
ಬಸವಂತ ಬಂದರಿನ ಬಳಿಯ ಕೋಲ್ಡ್ ಸ್ಟೋರೇಜಿನಲ್ಲಿ
ಮೊಟ್ಟೆಯನ್ನೂ ಮುಟ್ಟದ ಮನೆತನದ ಕೈಯಿಂದ
ಹೆಪ್ಪುಗಟ್ಟಿದ ಮೀನಿನ ಪೆಟ್ಟಿಗೆ ಎತ್ತುತ್ತಿದ್ದ.

ಕಲಬುರಗಿಯಲ್ಲಿ ಪದ್ದಕ್ಕ ಆಗಲೇ ಎದ್ದಿದ್ದಳು.
"ಲವಂಗ ಕಚ್ಚಿ ಹಿಡಿ. ಗುಳಿಗಿ ಗಿಳಿಗಿ ಬ್ಯಾಡ.
ನಾ ನಾಕು ಹಡದೀನಿ, ಒಂದ್ ಗುಳಿಗಿ ನುಂಗಿಲ್ಲ.
ತಡಕೊಂಡಾಕೀನೇ ತಾಯಿ."
ಕಚ್ಚಿದೆ. ನಾಲಿಗೆ ಉರಿಯಿತು, ಹಲ್ಲು ಹಾಗೇ ಇತ್ತು.
ತಡೆಯುವುದಕ್ಕೂ ಒಂದು ಅಳತೆ ಇರುತ್ತದಲ್ಲ,
ಅಳೆದೆ: ಮೂವತ್ತೆಂಟು ಪಾಯಿಂಟ್ ನಾಲ್ಕು.

ಡ್ರಾಯರಿನಲ್ಲಿ ಅವನ ಬೆನ್ನಿನ ಐಬುಪ್ರೊಫೆನ್.
ಒತ್ತಿದೆ, ಟಪ್ಪೆಂದು ಅಂಗೈಗೆ ಬಿತ್ತು
ಗುಲಾಬಿ, ನುಣುಪು, ಮದುವೆಮನೆ ಪೆಪ್ಪರಮೆಂಟಿನ ಹಾಗೆ.
ಲೋಟ ತುಟಿಯವರೆಗೆ ಬಂದಿತ್ತು.
ಯಾಕೋ
ಫೋನಿನಲ್ಲಿ ಒಂದು, ಒಂದು, ಒಂದು ಒತ್ತಿದೆ.

"ಎಷ್ಟು ವಾರ, ಲವ್?"
ಗುರುತಿಲ್ಲದವರನ್ನೂ ಇಲ್ಲಿ ಹಾಗೇ ಕರೆಯುತ್ತಾರೆ.
ಲವಂಗಕ್ಕಿಂತ ತಂಪಾಗಿತ್ತು ಆ ದನಿ.
ಮೂವತ್ತು, ಎಂದೆ.
"ಹಾಗಾದರೆ ಅದನ್ನು ಕೆಳಗಿಡು. ಅದು ಗಂಡನ ಬೆನ್ನಿನದು,
ಇಷ್ಟು ವಾರವಾದ ಮೇಲೆ ಮಗುವಿನ ಮೂತ್ರಪಿಂಡಕ್ಕೆ,
ಹೃದಯದ ನಾಳಕ್ಕೆ ಆಗಿಬರದು.
ಪ್ಯಾರಾಸಿಟಮಾಲ್ ಇದೆಯಾ? ಇವತ್ತು ಬೇರೇನಾದರೂ?"
ಏನಿಲ್ಲ, ಎಂದೆ. ಆಮೇಲೆ ನೆನಪಾಯಿತು
ಹನ್ನೊಂದಕ್ಕೆ ಬಿಸಿನೀರಲ್ಲಿ ಕಲಸಿ ಕುಡಿದ
ನಿಂಬೆವಾಸನೆಯ ನೆಗಡಿ ಪುಡಿ.
"ಪೊಟ್ಟಣದ ಬೆನ್ನು ಓದು."
ಓದಿದೆ. ಬಯಲಾಟದಲ್ಲಿ ವೇಷ ಬದಲಿಸಿ ಬಂದ
ಅದೇ ಪಾತ್ರಧಾರಿ: ಪ್ಯಾರಾಸಿಟಮಾಲ್, ಎರಡು ಮಾತ್ರೆಯಷ್ಟು.
ಜೊತೆಗೆ ಕರೆಯದೇ ಬಂದ ಇನ್ನೊಂದು ಔಷಧ.
ಪುಡಿ ಇನ್ನು ಬೇಡ, ಎಂದಳು. ಮೂರು ಗಂಟೆಯಾಗಲಿ,
ಆಗ ಎರಡು. ದಿನಕ್ಕೆ ಎಂಟು ಮೀರಬಾರದು, ಪುಡಿಯೂ ಲೆಕ್ಕಕ್ಕೆ;
ಎಂಟರತನಕ ಹೋಗಲೇಬೇಕೆಂದೂ ಇಲ್ಲ.
ಹೆರಿಗೆ ವಾರ್ಡಿಗೆ ಈಗಲೇ ಫೋನು ಮಾಡು. ಬೆಳಗ್ಗೆ ಹಲ್ಲಿನ ಡಾಕ್ಟರು,
ಬಸುರಿಯರಿಗೆ ದುಡ್ಡಿಲ್ಲ.

ತಡಕೊಳ್ಳಬೇಕಲ್ಲವಾ, ಎಂದು ಕೇಳಿಯೇ ಬಿಟ್ಟೆ.
"ಜ್ವರವನ್ನಾ? ಯಾರಿಗೋಸ್ಕರ, ಲವ್?
ಮಗುವಿಗೂ ಅದು ಒಳ್ಳೆಯದಲ್ಲ."

ವಾರ್ಡಿನವರು ಎಂಟಕ್ಕೆ ಬಾ ಎಂದರು, ಹೆಚ್ಚಾದರೆ ಆಗಲೇ.
ಮೂರರ ತನಕ ಕೂತೆ.
ಎಲ್ಲ ಊರಲ್ಲೂ ಕೆಂಪಗಿರುವ ಫೋನ್ ಗೂಡು
ಈ ಊರಲ್ಲಿ ಕೆನೆಬಣ್ಣ,
ಹಂಬರ್ ನದಿಯ ಮಂಜಿನೊಳಗೆ, ಬೀದಿಯ ತುದಿಗೆ
ಇನ್ನೊಂದು ದವಡೆಹಲ್ಲಿನ ಹಾಗೆ ನಿಂತಿತ್ತು.
ಮಾತ್ರೆ ಡಬ್ಬದ ಮೇಲೆ ಕಾಡಿಗೆ ಪೆನ್ಸಿಲಿನಲ್ಲಿ ಬರೆದೆ:
ಹನ್ನೊಂದು, ಪುಡಿ. ಮೂರು, ಎರಡು.
ನಾಲ್ಕರ ಹೊತ್ತಿಗೆ ಬೆವರು ಬಂತು.

ಆರಕ್ಕೆ ಬಸವಂತ ಬಂದ, ಮೀನುವಾಸನೆ, ಕೈಯಲ್ಲಿ ಬ್ರೆಡ್ಡು.
ಒಡೆದ ಹಾಳೆಯೊಳಗೆ ಮತ್ತೆ ಹೋಗದ ಗುಲಾಬಿ ಮಾತ್ರೆ
ಚಮಚದಲ್ಲಿ ಕಾದಿತ್ತು.
"ಇದು ನಿಂದು."
ಸೊಂಟ ಹಿಡಿದುಕೊಂಡೇ ನುಂಗಿದ.
ಪದ್ದಕ್ಕನಿಗೆ ಇನ್ನೂ ಹೇಳಿಲ್ಲ.