ಗ್ರೀಸಿನ ಪಾಕ

ಗುತ್ತಲು ರಸ್ತೆಯ ಬೂಸಾ ಅಂಗಡಿಯ ಪಕ್ಕ
ಮಂಚಣ್ಣನ ಗ್ಯಾರೇಜಿಗೆ ಬಾಗಿಲಿಲ್ಲ.
ಮುಂದಿನ ಚಕ್ರ ಎತ್ತಿ, ಒಂದು ಸುತ್ತು ತಿರುಗಿಸಿ,
ಸ್ಕ್ರೂಡ್ರೈವರಿನ ತುದಿ ಅಚ್ಚಿಗೆ, ಹಿಡಿ ಕಿವಿಗೆ ಇಟ್ಟು
ಕೇಳುತ್ತಾನೆ, ಡಾಕ್ಟರಿಗಿಂತ ನಿಧಾನ.
"ರಾಗಿ ಬೀಸ್ತಾ ಐತೆ ಕಣವ್ವ ನಿನ್ ಗಾಡಿ.
ಯಾವ ನಾಲೆಗೆ ಇಳಿಸಿದ್ದೆ?"

ನಾಲೆಗಲ್ಲ, ಹನಕೆರೆಯ ಕಬ್ಬಿನ ಗದ್ದೆಗೆ ನೀರು ಕಟ್ಟಿದ ಗಾಡಿಜಾಡಿಗೆ.
ಹಿಂದಿನ ಸಂಜೆ ಬೆದೆಗೆ ಬಂದ ಹಸು,
ಬಿಸಿಲೇರಿದರೆ ಹೊತ್ತು ಮೀರುತ್ತದೆ.
ಹಿಂದಿನ ಸೀಟಿನಲ್ಲಿ ಹೊಗೆಯಾಡುವ ಸಾರಜನಕದ ಕ್ಯಾನು,
ಹ್ಯಾಂಡಲ್ಲಿಗೆ ನೇತುಬಿದ್ದ ಕೈಗವಸಿನ ಚೀಲ,
ಗುಬ್ಬದವರೆಗೆ ಮುಳುಗಿದ ಚಕ್ರ.

ಅಚ್ಚು ಕಳಚಿದ. ಸೀಲಿನ ತುಟಿ ಹರಿದಿತ್ತು.
ಒಳಗಿನ ಗ್ರೀಸು ಹಾಲು ಹೆಚ್ಚಾದ ಕಾಫಿ.
"ನೀರ್ ಕುಡ್ದದೆ," ಅಂದ, ಬೈಯುವ ಹಾಗಲ್ಲ.
ಸೀಮೆಎಣ್ಣೆಯಲ್ಲಿ ತೊಳೆದು, ಗುಂಡು ಗುಂಡೂ ಬೆಳಕಿಗೆ ಹಿಡಿದು ನೋಡಿದ:
ಒಂದಕ್ಕೂ ಗುಳಿ ಬಿದ್ದಿಲ್ಲ. ಉಳಿಯಿತು.

ಗೂಡಿನಲ್ಲಿ ನಾಲ್ಕು ಡಬ್ಬ.
ಹಳದಿಯದು ಅಗ್ಗ, ಎತ್ತಿನ ಗಾಡಿಗೆ ಸಾಕು,
ಕಾವು ಕಂಡರೆ ಕರಗಿ ಓಡುವ ಹೇಡಿ.
ಕಪ್ಪನೆಯದು ಹಿಂದಿನ ಫೋರ್ಕಿನ ಬುಷ್ಷಿಗೆ,
ಮೂರು ಜನ ಕೂತರೂ ತುಟಿ ಪಿಟಕ್ಕೆನ್ನದು.
ಬಿಳಿಯದು ರಬ್ಬರಿನ ನೆಂಟ,
ಬೇರೆ ಏನು ಬಳಿದರೂ ರಬ್ಬರು ಮುನಿಸಿಕೊಂಡು ಊದುತ್ತದೆ.
ಚಕ್ರಕ್ಕೆ ನೀಲಿ. ನೀರಿಗೂ ಬೆದರದು, ಬಿಸಿಗೂ.
"ಹಂಗಂತ ಬಣ್ಣ ನಂಬ್ಬ್ಯಾಡ.
ಬಣ್ಣ ಕಂಪನಿಯೋನು ಹಾಕೋದು."

ಅವನಪ್ಪ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದವನು.
ಕೊಪ್ಪರಿಗೆಯಿಂದ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು,
ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿ,
"ಇಳ್ಸಿ" ಅಂದರೆ ಇಳಿಸಬೇಕು,
ಚಿಟಿಕೆ ಹೊಡೆಯುವಷ್ಟು ತಡವಾದರೂ ಅಚ್ಚು ಕೆಟ್ಟಿತು.
ಅದೇ ಎರಡು ಬೆರಳಲ್ಲಿ ಮಂಚಣ್ಣ ಗ್ರೀಸು ನೋಡುತ್ತಿದ್ದ:
ಎಳೆ ಎಷ್ಟು ದೂರ ಬರುತ್ತದೆ, ಎಲ್ಲಿ ಕಡಿಯುತ್ತದೆ,
ಒಳಗೆ ಮರಳಿನ ಗುಟ್ಟೇನಾದರೂ ಇದೆಯೋ.

ನೋಡುತ್ತಿದ್ದ.
ಎರಡು ವರ್ಷದಿಂದ ಬೆರಳ ತುದಿಗೆ ಜೋಮು.
ಬೆಲ್ಲದ ಮನೆಯ ಮಗನಿಗೆ ಸಕ್ಕರೆ ಕಾಯಿಲೆ.
ಡಬ್ಬ ನನ್ನ ಕಡೆ ತಳ್ಳಿ ಅಂದ:
"ನೀನ್ ಮುಟ್ಟಿ ಹೇಳವ್ವ.
ಹಸೀನ ಹೊಟ್ಟೆ ಒಳಗೆ, ಕತ್ತಲಲ್ಲಿ, ದಾರಿ ಹುಡ್ಕೋ ಕೈ ಅಲ್ವಾ."

ಮುಟ್ಟಿದೆ. ಬೆಣ್ಣೆಗಿಂತ ಗಟ್ಟಿ, ಮೇಣಕ್ಕಿಂತ ಮೆದು.
ಎಳೆದೆ. ಅರ್ಧ ಇಂಚು ಬಂದು ಕಡಿಯಿತು.
ಮರಳಿಲ್ಲ.
"ಸರಿಯಾಗದೆ," ಅಂದೆ, ಅವನ ಮಾತಿನಲ್ಲೇ.

ಅಂಗೈಗೆ ಒಂದು ಉಂಡೆ ಹಾಕಿಕೊಂಡು
ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆ.
ಆ ಕಡೆಯಿಂದ ಶಾವಿಗೆ ಇಳಿಯುವವರೆಗೆ.
ಗುಬ್ಬದೊಳಗೆ ಮಾತ್ರ ಮೂರರಲ್ಲಿ ಒಂದು ಪಾಲು.
"ಪೂರ್ತಿ ತುರುಕಿದ್ರೆ ಒಳಗೇ ಕಾಯ್ತದೆ, ಜಾಗ ಬುಡು."
ಬ್ರೇಕಿನ ಕ್ಯಾಮಿಗೆ ಕುಂಕುಮ ಇಡುವಷ್ಟು,
ಲೈನರಿನ ಕಡೆ ಉಸಿರೂ ತಾಗಬಾರದು.
ಚೈನಿಗೆ? "ಅದ್ಕೆ ಎಣ್ಣೆ.
ಗ್ರೀಸ್ ಬಳಿದ್ರೆ ಊರಿನ ಧೂಳೆಲ್ಲ ನಿನ್ ಗಾಡಿಗೇ ನೆಂಟಸ್ತನ."

ಚಕ್ರ ಕೂತಿತು. ಒಂದು ಸುತ್ತು.
ಸ್ಕ್ರೂಡ್ರೈವರಿನ ಹಿಡಿ ಈ ಸಲ ನನ್ನ ಕಿವಿಗೆ.
"ಏನ್ ಕೇಳ್ತದೆ?"
ಏನೂ ಇಲ್ಲ.
"ಆ ಏನೂ ಇಲ್ಲಕ್ಕೆ ನೂರಿಪ್ಪತ್ತು ರೂಪಾಯಿ."

ಸೋಪಿನ ನೊರೆಗೆ ಒಂದು ಹಿಡಿ ಸಕ್ಕರೆ ಸುರಿದು
ಇಬ್ಬರೂ ಕೈ ಉಜ್ಜಿದೆವು. ಗ್ರೀಸಿಗೆ ಅದೇ ಮದ್ದು.
"ತಿನ್ನಂಗಿಲ್ಲ, ಉಜ್ಕಬೋದು," ನಕ್ಕ.
ಉಗುರ ಸಂದಿನ ನೀಲಿ ಹೋಗಲಿಲ್ಲ.

ಅಷ್ಟರಲ್ಲಿ ಕೀಲಾರದಿಂದ ಫೋನು.
ಎಮ್ಮೆಯಂತೆ. ಕೂಗಿಲ್ಲ, ಹಗ್ಗ ಜಗ್ಗಿಲ್ಲ,
ಮೇವು ಮಾತ್ರ ಅರ್ಧ ಬಿಟ್ಟಿದೆ, ಅಷ್ಟೇ.
ಎಮ್ಮೆಯ ಬೆದೆಗೆ ಸದ್ದಿರುವುದಿಲ್ಲ,
ಮುಟ್ಟಿಯೇ ನೋಡಬೇಕು.
ಕಿಕ್ಕರ್ ತುಳಿದೆ.