ದೂರದ ಚಕ್ರ ಮೊದಲು

ಬ್ಯಾಲರಾಟನ್ನು ಅತ್ತೆ ಬಳ್ಳಾರಿ ಅಂತಲೇ ಕರೆಯುತ್ತಾರೆ,
ಬಿಸಿಲಿಲ್ಲದ ಬಳ್ಳಾರಿ.
ಜುಲೈ ತಿಂಗಳ ಭಾನುವಾರ. ಹುಲ್ಲಿನ ಮೇಲಿನ ಮಂಜು ಇನ್ನೂ ಕರಗಿಲ್ಲ.
ಗ್ಯಾರೇಜಿನವನು ಕೇಳಿದ್ದು ನಾನೂರ ಇಪ್ಪತ್ತು ಡಾಲರು.
ಫಕೀರೇಶ ಗಣಿಯಿಂದ ಬರುವುದು ಇನ್ನೂ ಒಂಬತ್ತು ದಿನಕ್ಕೆ.
ನಾಳೆ ಏಳಕ್ಕೆ ನನ್ನ ಡ್ಯೂಟಿ:
ಹನ್ನೊಂದು ಮನೆ, ಹನ್ನೊಂದು ಮುದಿಗಾಲುಗಳ ಹುಣ್ಣಿಗೆ ಪಟ್ಟಿ,
ನಡುವೆ ಇಳಿಜಾರು ಎಷ್ಟೋ.

ಪೆಡಲು ನೆನೆದ ಹತ್ತಿಯ ಹಾಗೆ,
ಒತ್ತಿದರೆ ಒತ್ತಿದಲ್ಲಿಗೇ ಹೋಗಿ ಕೂರುತ್ತದೆ.

ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಇಷ್ಟೇ ರೋಗ.
ಕೊಳವೆಯೊಳಗೆ ಎಲ್ಲೋ ಒಂದು ಗುಳ್ಳೆ ಕೂತರೆ ಸಾಕು,
ಪಾದ ಹೇಳಿದ್ದು ಚಕ್ರಕ್ಕೆ ಕೇಳಿಸುವುದಿಲ್ಲ.
ಅದನ್ನು ಹೊರಡಿಸಲು ಇಬ್ಬರು ಬೇಕು,
ಒಳಗೆ ಕೂತು ತುಳಿಯಲು ಒಬ್ಬರು
ಕೆಳಗೆ ಮಲಗಿ ತಿರುವಲು ಒಬ್ಬರು.
ಮನೆಯಲ್ಲಿ ಇದ್ದದ್ದೇ ಇಬ್ಬರು.
ನಮ್ಮ ಮಧ್ಯೆ ಐದು ವಾರದಿಂದ
ಅಕ್ಕಿ ತೊಳೆದ ನೀರಿನಷ್ಟು ತೆಳು ಮಾತು.

ರಂಜಕ ಮುಗಿದ ಬಾಟಲಿಯನ್ನು ಕೇಳಿದೆ.
ಯಾಕೆ ಅನ್ನದೆ ತೊಳೆದು ಒರೆಸಿ ಕೊಟ್ಟರು.
ಆಮೇಲೆ ಡ್ರೈವರ್ ಸೀಟಿಗೆ ಹತ್ತಿ, ಸೀರೆ ಮೊಣಕಾಲಿಗೆ ಸಿಕ್ಕಿಸಿ,
ಕಾಲುಚೀಲ ಬಿಚ್ಚಿ ಪಕ್ಕಕ್ಕಿಟ್ಟರು. ಆ ಚಳಿಯಲ್ಲಿ.
ಬೆಟಗೇರಿಯ ಓಣಿಯಲ್ಲಿ ನಲವತ್ತು ವರ್ಷ
ಹೊಲಿಗೆ ಮಷೀನು ತುಳಿದ ಪಾದ ಅದು.
"ಸೂಜಿ ಎಲ್ಲೈತಿ?" ಅಂದರು.
"ಸೂಜಿ ನಾನೇ," ಅಂದೆ ಹಿಂದಿನ ಎಡಚಕ್ರದ ಬಳಿಯಿಂದ.
ದೂರದ ಚಕ್ರ ಮೊದಲು, ಹತ್ತಿರದ್ದು ಕಡೆಗೆ,
ಇದು ಕೆಲಸದ ಕ್ರಮ.

"ಒತ್ತಿ."
"ಒತ್ತೀನಿ."
"ಹಿಡೀರಿ."
"ಹಿಡದೀನಿ."
ಎಂಟರ ಸ್ಪ್ಯಾನರು ಕಾಲು ಸುತ್ತು. ಹಳೆ ಡಿಕಾಕ್ಷನ್ ಬಣ್ಣದ ಎಣ್ಣೆ
ಪಾರದರ್ಶಕ ನಳಿಗೆಯಲ್ಲಿ ಹರಿದು ಬಾಟಲಿಯ ತಳ ಸೇರಿತು,
ಅದರ ನಡುನಡುವೆ ಗುಳ್ಳೆ, ಸಾಬಕ್ಕಿಯ ಹಾಗೆ ಒಂದರ ಹಿಂದೊಂದು.
ಬಿಗಿದೆ.
"ಬಿಡಿ."
"ಬಿಟ್ಟೆ."
ಇಪ್ಪತ್ತು ಸಲ, ಇಪ್ಪತ್ತೈದು ಸಲ.
ಐದು ವಾರದಲ್ಲಿ ನಾವು ಇಷ್ಟು ಮಾತಾಡಿರಲಿಲ್ಲ.

ಎರಡನೇ ಚಕ್ರದಲ್ಲಿ ನಿಪ್ಪಲು ತುಕ್ಕು ಹಿಡಿದಿತ್ತು.
ಸ್ಪ್ಯಾನರು ಜಾರಿ ಗೆಣ್ಣು ಸುಲಿಯಿತು, ನಳಿಗೆ ಕಳಚಿತು,
ಎಣ್ಣೆ ಮುಂಗೈ ಮೇಲೆ.
ಪಕ್ಕದ ಮನೆಯ ನಾಯಿ ಬೊಗಳಿದ್ದು ಅದೇ ಗಳಿಗೆ,
ಅತ್ತೆಗೆ ಏನು ಕೇಳಿಸಿತೋ,
ಪೆಡಲು ಒಂದಿಷ್ಟು ಮೇಲೆದ್ದ ಸದ್ದು.
"ಬಿಡಬ್ಯಾಡ! ಹಿಡಿ!
ಹಿಡಿ ಅಂದ್ರೆ ಹಿಡಿ!"

ನಾಯಿಯೂ ಸುಮ್ಮನಾಯಿತು.

ಸೊಸೆಯೊಬ್ಬಳು ಅತ್ತೆಗೆ ಏಕವಚನ ಕೂಗಿದ್ದು
ಬೀದಿಯಲ್ಲಿ ಯಾರಿಗೂ ತಿಳಿಯಲಿಲ್ಲ.
ನೀಲಿ ಮುಚ್ಚಳದ ಕಸದ ಡಬ್ಬಗಳು ನಿಂತಲ್ಲೇ ನಿಂತಿದ್ದವು.
ನಾನು ಚಕ್ರದ ಗೂಡಿನೊಳಗೆ ಮುಖ ಇಟ್ಟುಕೊಂಡು ಬಿಗಿದೆ,
ಬಿಗಿದದ್ದನ್ನೇ ಇನ್ನೊಮ್ಮೆ ಬಿಗಿದೆ.
ಮೇಲಿನಿಂದ ದನಿ ಬಂತು, ಮೊದಲಿನದೇ ದನಿ:
"ಹಿಡದೀನಿ. ನೀ ತಿರುವು."

ಕೈ ತೊಳೆದು, ಬಣ್ಣಕ್ಕೆ ಸಿಡಿದ ಹನಿಗೆ ನೀರು ಹೊಯ್ದು,
ಮೂರನೇ ಚಕ್ರಕ್ಕೆ ಬಂದು, ಗಂಟಲು ಸರಿಮಾಡಿ,
"ಒತ್ತೀರಾ ಅತ್ತೆ," ಅಂದೆ.
"ಒತ್ತು ಅನ್ನ," ಅಂದರು. "ಲಗೂ ಆಗತೈತಿ."

ಒತ್ತು. ಹಿಡಿ. ಬಿಡು.
ಕೊನೆಯ ಚಕ್ರ ಅವರ ಪಕ್ಕದ್ದೇ,
ಪೆಡಲಿನ ಅಂಚಿಗೆ ಕಾಲುಂಗುರ ತಾಗುವುದೂ ಕೇಳುವಷ್ಟು ಹತ್ತಿರ.
ನಳಿಗೆಯಲ್ಲಿ ಹೊಸ ಎಣ್ಣೆ, ಕುಸುಬೆ ಎಣ್ಣೆಯ ತಿಳಿ,
ಗುಳ್ಳೆ ಒಂದೂ ಇಲ್ಲ.
"ಈಗ ಕಲ್ಲಾತು ನೋಡು," ಅಂದರು
ನಾನು ಕೇಳುವ ಮೊದಲೇ.

ಮಧ್ಯಾಹ್ನ ಇಬ್ಬರೂ ಹೊರಟೆವು, ಪರೀಕ್ಷೆಗೆ.
ಬೀದಿಯ ಕೊನೆಯ ಇಳಿಜಾರು, ಕೆಳಗೆ ಸ್ಟಾಪ್ ಫಲಕ.
ಒತ್ತಿದೆ. ಗಾಡಿ ಗೆರೆಗೆ ಒಂದು ಗೇಣು ಮೊದಲೇ ನಿಂತಿತು.
ಎಡಗಡೆ ನೋಡಿದರೆ
ಯಾವ ಪೆಡಲೂ ಇಲ್ಲದ ಆ ಮೂಲೆಯಲ್ಲಿ
ಅತ್ತೆಯ ಬಲಗಾಲು ರಬ್ಬರ್ ಚಾಪೆಯನ್ನು ಬಲವಾಗಿ ಒತ್ತಿಕೊಂಡಿದೆ.

ಬಿಡು ಅಂತ ನಾನು ಹೇಳಲಿಲ್ಲ.
ದಾಟುವ ಗಾಡಿಗಳು ದಾಟಲಿ ಅಂತ ಕಾದೆವು.