ಆಳಿಗೊಂದು ಕಲ್ಲು

ಅಕ್ಷರಕ್ಕೆ ಹದಿನೆಂಟು ರೂಪಾಯಿ, ಒತ್ತಿದ್ದರೆ ಆರು ಜಾಸ್ತಿ.
ಗಾಡಿಕೊಪ್ಪದ ತಿರುವಿನ ತಗಡಿನ ಶೆಡ್ಡು ನನ್ನದು.
ಉದ್ಘಾಟನೆಯ ಫಲಕ, ದಾನಿಗಳ ಪಟ್ಟಿ, ಸತ್ತವರ ಹೆಸರು,
ಉಳಿಗೆ ಎಲ್ಲವೂ ಒಂದೇ ರುಚಿ.

ಸೆವ್ರಿನ್ ಬಾಯಮ್ಮ ಬಂದದ್ದು ಸೋಮವಾರ,
ಕೈಯಲ್ಲಿ ರೇಷನ್ ಕಾರ್ಡು.
"ಹೆಸರು ಇದರಲ್ಲಿದೆ ನೋಡು ಹಾಲೇಶಪ್ಪ.
ಇದರಲ್ಲಿರೋ ಹಾಗೆ ಮಾತ್ರ ಕೆತ್ತಬೇಡ."

ಲಿಗೋರಿ ಲೋಭ.

ಆಫೀಸಿನವರು ಯಾರೋ ಬಕಾರದ ಹೊಟ್ಟೆ ಸೀಳಿ
ಒಂದು ಬೀಡಿಯನ್ನೂ ಸಾಲ ಕೇಳದ ಲೈನ್‌ಮನ್ನನ್ನು
ಕಾಮ ಕ್ರೋಧಗಳ ಪಕ್ಕ ಸಾಲಿಗೆ ನಿಲ್ಲಿಸಿದ್ದರು.
"ಹಾಗಾದರೆ ಮುಂದಿನ ಸೀಟು ಮೋಹದ್ದು ಬಾಯಮ್ಮ"
ಅಂದುಬಿಟ್ಟೆ. ನಾಲಗೆ ಕಚ್ಚಿಕೊಂಡೆ.
ಅವರು ನಕ್ಕರು,
ಗಂಡ ಹೋದ ಹತ್ತೊಂಬತ್ತನೆಯ ದಿನ.

"ಆ ಸೀಟಲ್ಲಿ ಕೂತವಳು ನಾನೇ. ತವರು ಲೋಪೆಸ್.
ಹಾಜರಿ ಕರೆಯೋವಾಗ ಮೇಷ್ಟ್ರು ಲೋಪ ಅನ್ನೋರು,
ಲೋಪ ಎದ್ದು ನಿಂತು ಹಾಜರ್ ಸಾರ್ ಅನ್ನೋದು.
ಲೋಪಸಂಧಿ ಪಾಠದ ದಿನ ಮಾತ್ರ
ಜ್ವರ ಅಂತ ಮನೇಲೇ ಉಳಿದೆ."

ಅರ್ಥ ತಿಳಿಯದೆ ಕೆತ್ತಿದರೆ ಉಳಿ ಜಾರುತ್ತದೆ,
ಇದು ಅಪ್ಪ ಕಲಿಸಿದ್ದು. ಕೇಳಿದೆ.
ಹಿಂದೊಮ್ಮೆ ಪಾದ್ರಿಯೊಬ್ಬರು ಬಿಡಿಸಿ ಹೇಳಿದ್ದರಂತೆ:
ಲೋಬೊ ಅಂದರೆ ತೋಳ.
ಲೋಪೆಸ್ ಅಂದರೆ ಲೋಪೆಯ ಮಗ,
ಆ ಲೋಪೆಯೂ ಮೂಲದಲ್ಲಿ ತೋಳವೇ,
ಲ್ಯಾಟಿನ್ನಿನ ಗವಿಯಿಂದ ಹೊರಬಿದ್ದದ್ದು.
ಸ್ಪೇನಿನಲ್ಲಿ ಅವರು ಲೋಪೆಜ್, ಲಕ್ಷಗಟ್ಟಲೆ,
ನಮ್ಮ ಕಡೆ ಮಂಜಪ್ಪಂದಿರು ಇರುವ ಹಾಗೆ,
ಸಂತೆಯಲ್ಲಿ ಕೂಗಿದರೆ ಹತ್ತು ಕತ್ತು ತಿರುಗುತ್ತವೆ.

ಗೋವೆಯಲ್ಲಿ ಯಾವನೋ ಪರಂಗಿ ಪಕ್ಕದಲ್ಲಿ ನಿಂತು
ತಲೆಗೆ ನೀರು ಹಾಕಿಸಿದ,
ತನ್ನ ಹೆಸರನ್ನೇ ಹೊದಿಸಿದ,
ಹಡಗು ಹತ್ತಿ ಹೋದ.
ಹೆಸರು ಹೊದ್ದವರು ಕರಾವಳಿಗುಂಟ ತೆಂಕಕ್ಕೆ ನಡೆದರು,
ಮೊಮ್ಮಕ್ಕಳ ಮೊಮ್ಮಕ್ಕಳು ಘಟ್ಟ ಹತ್ತಿದರು,
ಅವರಲ್ಲೊಬ್ಬ ಕರೆಂಟು ಕಂಬ ಹತ್ತಿದ.

"ನಮ್ಮ ಕಾಡಲ್ಲಿ ಕಾಟಿ ಉಂಟು, ಸೀಳುನಾಯಿ ಉಂಟು,
ತೋಳ ಎಲ್ಲಿದೆ ಬಾಯಮ್ಮ? ಅದು ಬಯಲುಸೀಮೆಯದು.
ನಾನು ನೋಡಿದ್ದು ಎರಡನೇ ಕ್ಲಾಸಿನ ಪುಸ್ತಕದಲ್ಲಿ."
"ಓಟರ್ ಲಿಸ್ಟಲ್ಲಿದೆ" ಅಂದರು.
"ನಮ್ಮ ವಾರ್ಡಲ್ಲಿ ಲೋಬೊ ಹನ್ನೊಂದು, ಲೋಪೆಸ್ ನಾಲ್ಕು."
ಬೆರಳು ಮಡಿಸಿದರು.
"ಹತ್ತು."

ಲಿಗೋರಿ ನನಗೆ ಗೊತ್ತು.
ನನ್ನ ಮೆಷಿನ್ನಿಗೆ ತ್ರೀ ಫೇಸ್ ಎಳೆದವನು ಅವನೇ.
ಏಣಿ ಬರುವ ತನಕ ಕಾಯುತ್ತಿರಲಿಲ್ಲ,
ಮಗು ಅಪ್ಪನ ಕಾಲು ತಬ್ಬಿದ ಹಾಗೆ
ಕಂಬ ತಬ್ಬಿ ಏರುತ್ತಿದ್ದ.
ತೋಳಕ್ಕೂ ತೋಳಿಗೂ ಕನ್ನಡದಲ್ಲಿ
ಎಷ್ಟು ಕಡಿಮೆ ದೂರ.

ಆಯನೂರಿನ ಹತ್ತಿರ ಅವತ್ತು
ಲೈನ್ ಆಫ್ ಇದೆ ಅಂದಿದ್ದರಂತೆ.
ಇರಲಿಲ್ಲ.

ಬಿದ್ದ ಮೇಲೆ ಒಬ್ಬೊಬ್ಬರೂ ಬಗ್ಗಿ ಒಂದೊಂದು ಎತ್ತಿಕೊಂಡರು.
ಗ್ಲೌಸ್ ಹಾಕಿರಲಿಲ್ಲ ಅಂದ ಸೆಕ್ಷನ್ ಆಫೀಸರು.
ಕೇಳದೆ ಹತ್ತಿದ ಅಂದ ಸ್ಟೇಷನ್ನಿನವನು.
ಕುಡಿದಿದ್ದನೋ ಏನೋ,
ಇದು ಚಹಾದಂಗಡಿಯದು, ಸಣ್ಣ ಹರಳು.
ತೋಳ ಹಳ್ಳಕ್ಕೆ ಬಿದ್ದರೆ
ಆಳಿಗೊಂದು ಕಲ್ಲು, ಅಂತ
ಅಜ್ಜಿ ಹೇಳುತ್ತಿದ್ದಾಗ
ಎಸೆಯುವವರ ಲೆಕ್ಕ ಅದು ಅಂದುಕೊಂಡಿದ್ದೆ.

ಆ ಆಳಿಗೂ ಒಂದು ಬೇಕಲ್ಲ.
ಎರಡಡಿಗೆ ಒಂದೂವರೆ, ಕರಿಕಲ್ಲು,
ಅಂಚಿನಲ್ಲಿ ಚೂರು ಮುಕ್ಕಾಗಿತ್ತು, ಮುಕ್ಕಿನ ದುಡ್ಡು ಬಿಟ್ಟೆ.

ಮಧ್ಯಾಹ್ನ ಬಕಾರ ಬಂತು.
ಅದರ ಕೆಳಗೆ ಉಳಿ ಇಟ್ಟು ಸ್ವಲ್ಪ ಹೊತ್ತು ಕೂತೆ.
ಮಹಾಪ್ರಾಣ ಕಾರ್ಡಿನಲ್ಲಿ ಇದ್ದುಕೊಳ್ಳಲಿ.
ಮನುಷ್ಯನಿಗೆ ಇದ್ದದ್ದು ಅಲ್ಪಪ್ರಾಣ,
ಸೀಳದೆ ಎತ್ತಿಕೊಂಡೆ.

ಸಂಜೆ ಬಾಯಮ್ಮ ಬೆರಳಿನಿಂದ ಓದಿದರು, ಧೂಳು ಊದಿದರು.
"ಕೆಳಗೆ ನನಗೂ ಒಂದು ಸಾಲು ಜಾಗ ಬಿಡು."
ಯಾವುದು ಹಾಕಲಿ, ಲೋಬೊನೋ ಲೋಪೆಸ್ಸೋ?
"ಎರಡೂ ಅದೇ ಪ್ರಾಣಿ ತಾನೇ?
ಅಕ್ಷರ ಕಡಿಮೆ ಇರೋದು ಹಾಕು."